ಕಲ್ಲು ಬಿಡಿಸಿದವರ ಹೆಸರು

ಇಳಕಲ್ಲಿನ ಹಿರಿಯರಿಗೆ, ನೇಯ್ಗೆಯ ತಾಯಂದಿರಿಗೆ, ಕ್ವಾರಿಯಲ್ಲಿ ದುಡಿಯುವ ಅಣ್ಣತಮ್ಮಂದಿರಿಗೆ ಶರಣು ಶರಣಾರ್ಥಿ.

ಇವತ್ತು ನಾನು ಹೇಳಹೊರಟಿರುವುದು ನಾರ್ವೆ ದೇಶದ ಒಂದು ಬೆಟ್ಟದೂರಿನ ವಿಷಯ. ಊರಿನ ಹೆಸರು ರೋರೋಸ್. ನಾನು ಅಲ್ಲಿಗೆ ಹೋದವನಲ್ಲ. ಕಲ್ಲುಗಣಿಯ ಊರಿನಲ್ಲಿ ಹುಟ್ಟಿದವನಾದ್ದರಿಂದ ಜಗತ್ತಿನ ಗಣಿಯೂರುಗಳ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುವ ಆಸೆ ಚಿಕ್ಕಂದಿನಿಂದ ಅಂಟಿಕೊಂಡಿದೆ. ಸಮುದ್ರಮಟ್ಟದಿಂದ 600 ಮೀಟರಿಗೂ ಮಿಕ್ಕ ಎತ್ತರದಲ್ಲಿರುವ ಆ ಊರಿನಲ್ಲಿ 1914ರಲ್ಲಿ ಸೊನ್ನೆಗಿಂತ 50 ಡಿಗ್ರಿ ಕೆಳಗಿನ ಚಳಿ ದಾಖಲಾಗಿದೆ. ಬೇಸಗೆಯಲ್ಲಿ ಬಂಡೆಯ ಮೇಲೆ ಬರಿಗಾಲು ಇಡಲಾಗದ ನಮಗೆ ಆ ಚಳಿ ಊಹೆಗೂ ನಿಲುಕದು. ಆದರೆ ಅಲ್ಲಿನ ಬದುಕನ್ನು ಓದುತ್ತ ಹೋದಂತೆ ಇದು ನಮ್ಮ ಓಣಿಯದೇ ಸುದ್ದಿ ಎಂದು ನನಗೆ ಅನ್ನಿಸಿತು.

ಊರು ಹುಟ್ಟಿದ ಬಗ್ಗೆ ಅಲ್ಲಿಯವರು ಒಂದು ಕಥೆ ಹೇಳುತ್ತಾರೆ. ಬೇಟೆಗೆ ಹೋದ ರೈತನೊಬ್ಬ ಹಿಮಸಾರಂಗಕ್ಕೆ ಗುಂಡು ಹೊಡೆದ. ಬಿದ್ದ ಪ್ರಾಣಿ ಒದ್ದಾಡಿದಾಗ ಅದರ ಗೊರಸಿಗೆ ಪಾಚಿ ಕಿತ್ತುಬಂದು ಅಡಿಯಲ್ಲಿ ಅದಿರು ಹೊಳೆಯಿತು. ಕಥೆ ಹೇಗೇ ಇರಲಿ, 1644ರಲ್ಲಿ ತಾಮ್ರದ ಕೆಲಸ ಶುರುವಾದದ್ದಂತೂ ನಿಜ. ಆಗ ಬಂಡೆ ಒಡೆಯಲು ಮದ್ದು ಇರಲಿಲ್ಲ. ಸೌದೆ ಒಟ್ಟಿ ಬೆಂಕಿ ಹಾಕುತ್ತಿದ್ದರು. ಕಾದ ಬಂಡೆ ಬಿರಿಯುತ್ತಿತ್ತು. ಬಿರಿದ ಕಡೆ ಅದಿರನ್ನು ಕೆದರಿ ತೆಗೆಯುತ್ತಿದ್ದರು. ಅದಕ್ಕಾಗಿ ಸುತ್ತಲಿನ ಕಾಡು ಬರಿದಾಯಿತು. ಗಣಿಯ ಕೂಲಿ ಹೊಟ್ಟೆಗೆ ಸಾಲದೆ ಕೆಲಸಗಾರರು ಮನೆಯ ಹಿತ್ತಲಲ್ಲಿ ದನ ಕಟ್ಟಿಕೊಂಡಿದ್ದರು. ಇಲ್ಲಿ ಒಂದು ಕ್ಷಣ ನಮ್ಮ ಮನೆಗಳನ್ನು ನೆನೆಯಿರಿ. ಗಂಡ ಕ್ವಾರಿಯಲ್ಲಿ, ಹೆಂಡತಿ ಮಗ್ಗದ ಕುಣಿಯಲ್ಲಿ. ಎರಡು ಕಸುಬು ಕೂಡಿದರೇನೇ ಒಂದು ಒಲೆ ಉರಿಯುವುದು.

ಹೀಗೆ 333 ವರ್ಷ ನಡೆದ ಕಂಪನಿ 1977ರಲ್ಲಿ ದಿವಾಳಿಯಾಯಿತು. ಗಣಿ ಮುಚ್ಚಿದ ಮೇಲೆ ಊರೂ ಮುಚ್ಚಿಹೋಗುವುದನ್ನು ನಾವು ಹಲವು ಕಡೆ ಕಂಡಿದ್ದೇವೆ. ಅಲ್ಲಿ ಹಾಗಾಗಲಿಲ್ಲ. 1980ರಲ್ಲಿ ಯುನೆಸ್ಕೊ ಆ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟದಕಲ್ಲು ಆ ಪಟ್ಟಿಗೆ ಸೇರಿದ್ದು 1987ರಲ್ಲಿ. ಹಾಗಾದರೆ ರೋರೋಸಿಗೆ ಬಂದವರು ನೋಡುವುದೇನು? ಅರಮನೆಯಿಲ್ಲ, ಕೋಟೆಯಿಲ್ಲ. ಕೆಲಸಗಾರರು ಬಾಳಿದ ಕಟ್ಟಿಗೆಯ ಮನೆಗಳನ್ನು ನೋಡುತ್ತಾರೆ. ಹಲವು ಮನೆಗಳ ಮುಂಗೋಡೆ ಇಂದಿಗೂ ಕಪ್ಪು. ಅದಿರು ತೂಗುತ್ತಿದ್ದ ಬಯಲನ್ನು, ಪಾಳಿಯ ಹೊತ್ತಿಗೆ ಬಾರಿಸುತ್ತಿದ್ದ ಗಂಟೆಯನ್ನು, ತಾಮ್ರ ಕರಗಿಸುತ್ತಿದ್ದ ಕುಲುಮೆಮನೆಯನ್ನು ನೋಡುತ್ತಾರೆ. ಹಳೆಯ ಕುಲುಮೆಮನೆ 1975ರಲ್ಲಿ ಸುಟ್ಟುಹೋಗಿತ್ತು. ಅದನ್ನು ಮತ್ತೆ ಕಟ್ಟಿ ಮ್ಯೂಸಿಯಂ ಮಾಡಿದ್ದಾರೆ. ಊರಾಚೆಯ ಓಲಾವ್ ಗಣಿಯೊಳಕ್ಕೂ ಜನರನ್ನು ಕರೆದೊಯ್ಯುತ್ತಾರೆ. ಹೊರಗೆ ಯಾವ ಋತುವಿದ್ದರೂ ಒಳಗೆ 5 ಡಿಗ್ರಿ ಚಳಿಯೇ. ಗಣಿಯ ಆಳದ ಒಂದು ಹಜಾರದಲ್ಲಿ ಸಂಗೀತ ಕಛೇರಿಗಳೂ ನಡೆಯುತ್ತವೆ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದದ್ದು ಕಿಟ್ಟದ ಗುಡ್ಡ. ತಾಮ್ರ ಕರಗಿಸಿದ ಮೇಲೆ ಉಳಿದ ಕಿಟ್ಟವನ್ನು ತಲೆಮಾರುಗಳ ಕಾಲ ಊರ ಪಕ್ಕದಲ್ಲೇ ಸುರಿದರು. ಹುಲ್ಲು ಹತ್ತದ ಆ ಕರಿ ದಿಬ್ಬಗಳನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ನೋಡಲು ಬಂದವರು ಅದರ ಮೇಲೆ ಹತ್ತಿ ನಿಂತು ಊರನ್ನೂ ಇಗರ್ಜಿಯ ಗೋಪುರವನ್ನೂ ನೋಡುತ್ತಾರೆ. ನಮ್ಮ ಊರ ಸುತ್ತ ಬಿದ್ದಿರುವ ಕೆಂಪು ಗ್ರಾನೈಟಿನ ಚೂರುಗಳ ರಾಶಿಯನ್ನು ನಾವು ಹೊಲಸು ಎನ್ನುತ್ತೇವೆ. ಹೊಲಕ್ಕೂ ಹಳ್ಳಕ್ಕೂ ಅಡ್ಡ ಬಂದ ರಾಶಿ ಹೋಗಲೇಬೇಕು, ಆ ಮಾತಿಗೆ ನನ್ನ ತಕರಾರಿಲ್ಲ. ಆದರೆ ಒಂದೇ ಒಂದು ರಾಶಿಯನ್ನು, ಒಂದೇ ಒಂದು ಹಳೆಯ ಕ್ವಾರಿಯನ್ನು, ಬೆಣೆ ಹೊಡೆದ ಗುಳಿಗಳ ಸಾಲು ಕಾಣುವ ಹಾಗೆ ಉಳಿಸಿಕೊಳ್ಳಲಾರೆವೆ?

ರೋರೋಸಿನ ಜಾತ್ರೆಯ ಮಾತನ್ನೂ ಹೇಳಬೇಕು. ರಾಜಾಜ್ಞೆಯಂತೆ 1854ರಲ್ಲಿ ಶುರುವಾದ ಅದು ಇಂದಿಗೂ ಫೆಬ್ರವರಿಯ ಕೊನೆಯ ಮಂಗಳವಾರಕ್ಕೆ ಒಂದು ವಾರ ಮುಂಚಿನ ಮಂಗಳವಾರ ಆರಂಭವಾಗಿ ಐದು ದಿನ ನಡೆಯುತ್ತದೆ. ಸುತ್ತಲಿನ ಕಣಿವೆಗಳಿಂದ, ಗಡಿಯಾಚೆಯ ಸ್ವೀಡನ್ನಿನಿಂದಲೂ ರೈತರು ಕುದುರೆ ಹೂಡಿದ ಜಾರುಬಂಡಿಗಳಲ್ಲಿ ಹಿಮದ ಮೇಲೆ ದಿನಗಟ್ಟಲೆ ಪಯಣಿಸಿ ಬರುತ್ತಾರೆ. ದಾರಿಯಲ್ಲಿ ಬಿಡಾರ, ಮನೆಗಳ ಹಿತ್ತಲಿನಲ್ಲಿ ಬೆಂಕಿ, ಬೆಂಕಿಯ ಸುತ್ತ ಹಾಡು. ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಬನದ ಹುಣ್ಣಿಮೆ. ಚಕ್ಕಡಿಯಲ್ಲಿ ರೊಟ್ಟಿಬುತ್ತಿ ಕಟ್ಟಿಕೊಂಡು ಬನಶಂಕರಿಗೆ ಹೋಗುತ್ತಿದ್ದೆವು. ತೇರು ಎಳೆದ ಮೇಲೆ ಅವ್ವ ಬಳೆ ಇಡಿಸಿಕೊಳ್ಳುತ್ತಿದ್ದಳು, ಅಪ್ಪ ಬಾಗಿಲ ಚೌಕಟ್ಟುಗಳ ಸಾಲಿನಲ್ಲಿ ಕಟ್ಟಿಗೆಯನ್ನು ಬಡಿದು ನೋಡುತ್ತ ನಿಲ್ಲುತ್ತಿದ್ದ, ರಾತ್ರಿ ಕಂಪನಿ ನಾಟಕ. ರೋರೋಸಿನವರು ಪ್ರವಾಸಿಗರಿಗೆಂದು ಹೊಸ ಹಬ್ಬ ಹುಟ್ಟಿಸಲಿಲ್ಲ. ತಮಗಾಗಿ ಮಾಡುತ್ತಿದ್ದ ಜಾತ್ರೆಯನ್ನೇ ಮುಂದುವರಿಸಿದರು, ಹೊರಗಿನವರು ಬಂದು ಸೇರಿಕೊಂಡರು. ವೇದಿಕೆ ಕಟ್ಟಿ, ದೂರದ ಗಾಯಕರನ್ನು ಕರೆಸಿ, ಮೂರು ದಿನ ದೀಪ ಉರಿಸಿ ಮುಗಿಸುವ ಉತ್ಸವಗಳಿಗಿಂತ ಬನಶಂಕರಿ ಜಾತ್ರೆ ದೊಡ್ಡದು ಎಂದು ನಾನು ನಂಬಿರುವುದು ಇದಕ್ಕೇ.

ಆದರೆ ಒಂದು ವಿಷಯದಲ್ಲಿ ನಾವು ಅವರಿಗಿಂತ ಭಾಗ್ಯವಂತರು. ರೋರೋಸಿನ ಕಲ್ಲಿನ ಇಗರ್ಜಿ 1784ರದು. ಅದರೊಳಗೆ ಪಾದ್ರಿಗಳ, ಗಣಿಯ ನಿರ್ದೇಶಕರ ಚಿತ್ರಗಳು ತೂಗುತ್ತಿವೆ. ಸುರಂಗದಲ್ಲಿ ಹೊಗೆ ಕುಡಿದವನಿಗೆ ಅಲ್ಲಿ ಚಿತ್ರವಿಲ್ಲ. ಈಗ ಪಟ್ಟದಕಲ್ಲಿನಿಂದ ಉತ್ತರಕ್ಕೆ ನಾಲ್ಕೈದು ಕಿಲೋಮೀಟರ್ ಹೋಗಿ ನೋಡಿರಿ. ಚಾಲುಕ್ಯರ ಗುಡಿಗಳಿಗೆ ಮರಳುಗಲ್ಲು ಬಿಡಿಸಿದ ಗಣಿ ಅಲ್ಲಿದೆ. ಕೆಲಸಗಾರರು ಅಲ್ಲಿಯ ಬಂಡೆಯ ಮೇಲೆ ತಮ್ಮ ಹೆಸರುಗಳನ್ನು ಕೊರೆದಿದ್ದಾರೆ, ಚಿತ್ರಗಳನ್ನು ಗೀರಿದ್ದಾರೆ. ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಅಲ್ಲಿಯ ಶಾಸನ ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರನ್ನೂ ಬಿರುದನ್ನೂ ಹೇಳುತ್ತದೆ. ಸೂತ್ರಧಾರಿಗೆ ಶಾಸನ, ಕೂಲಿಯವನಿಗೆ ಗಣಿಯ ಬಂಡೆ. ಇಬ್ಬರ ಹೆಸರೂ ಸುಮಾರು ಹದಿಮೂರು ಶತಮಾನ ದಾಟಿ ನಮ್ಮ ತನಕ ಬಂದಿವೆ. ಗುಡಿ ನೋಡಲು ಬಸ್ಸು ತುಂಬಿ ಬರುವ ಮಂದಿಯಲ್ಲಿ ಆ ಗಣಿಯ ಕಡೆ ಹೊರಳುವವರು ಎಷ್ಟು?

ಇನ್ನು ಇಳಕಲ್ಲು. ಕೂಡಲಸಂಗಮಕ್ಕೆ, ಐಹೊಳೆಗೆ ಹೋಗುವವರು ಇಲ್ಲಿ ಇಳಿದು ಸೀರೆ ಕೊಂಡು ಮುಂದೆ ಹೋಗುತ್ತಾರೆ. ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕುವ ಕೈಗಳನ್ನು ಅವರು ನೋಡುವುದಿಲ್ಲ. ಇಲ್ಲಿಯ ಕೆಂಪು ಕಲ್ಲು ಪರದೇಶಕ್ಕೆ ಹೋಗುತ್ತದೆ. ಅದನ್ನು ಬಿಡಿಸಿದ ಒಬ್ಬನ ಹೆಸರನ್ನಾದರೂ ನಾವು ಬರೆದಿಟ್ಟಿದ್ದೇವೆಯೇ? ನಮ್ಮ ತಂದೆಯ ಉಳಿ, ಸುತ್ತಿಗೆ, ನಾಲ್ಕು ಬೆಣೆಗಳು ನನ್ನ ಅಟ್ಟದ ಮೇಲಿವೆ. ಸುತ್ತಿಗೆಯ ಹಿಡಿಕೆ ಅವರ ಅಂಗೈಯ ಅಚ್ಚಿಗೆ ಸವೆದಿದೆ. ನಿಮ್ಮ ಮನೆಗಳ ಅಟ್ಟದಲ್ಲೂ ಇಂಥವು ಇದ್ದೇ ಇರುತ್ತವೆ. ಗುಜರಿಗೆ ಹಾಕಬೇಡಿರಿ. ಊರಲ್ಲಿ ಒಂದು ಕೋಣೆ ಸಿಕ್ಕರೆ ಸಾಕು. ಕ್ವಾರಿಯ ಸಾಮಾನು ಒಂದು ಗೋಡೆಗೆ, ಒಂದು ಕುಣಿಮಗ್ಗ ಇನ್ನೊಂದು ಬದಿಗೆ. ದುಡಿದು ದಣಿದ ಹಿರಿಯರೊಬ್ಬರು ಅಲ್ಲಿ ಕುಳಿತು ಬಂದವರಿಗೆ ಕೈಯಾರೆ ತೋರಿಸಲಿ, ಅದಕ್ಕೆ ಅವರಿಗೆ ಸಂಬಳವೂ ಸಿಗಲಿ.

ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ವಹಿ ಇಟ್ಟಿದ್ದೇನೆ. ನಿಮ್ಮ ಮನೆಯಲ್ಲಿ ಕ್ವಾರಿಗೆ ಹೋದವರ, ಮಗ್ಗದಲ್ಲಿ ಕುಳಿತವರ ಹೆಸರುಗಳನ್ನು ಬರೆದು ಹೋಗಿರಿ. ಬರೆಯಲು ಬಾರದವರು ಹೇಳಿದರೆ ನಾನು ಬರೆದುಕೊಳ್ಳುತ್ತೇನೆ. ಮೊದಲ ಎರಡು ಸಾಲುಗಳಲ್ಲಿ ನಮ್ಮ ಅಪ್ಪನ ಮತ್ತು ಅವ್ವನ ಹೆಸರುಗಳಿವೆ.