ಕೋಟಾ ಹಾಕೋಕೆ ಮುಂಚೆ ದೋಣಿಯವರನ್ನ ಕೇಳಿದ್ರಾ?

ಎಲ್ರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಮೀನಂಗಡಿ ಕ್ಯೂ ಬಿಟ್ಟು ಮೀನಿನ ಉಪನ್ಯಾಸಕ್ಕೆ ಬಂದಿದ್ದೀರಲ್ಲ, ದೊಡ್ಡ ಮಾತು.

ಬೆಂಗಳೂರಲ್ಲಿ ಜೂನ್ ಬಂತು ಅಂದ್ರೆ ಬಂಗುಡೆ ರೇಟ್ ಏರುತ್ತೆ, ಅಂಗಡಿಯವನು "ಬೋಟ್ ಬಂದ್ ಸಾರ್" ಅಂತಾನೆ, ನಮ್ಗೆ ಗೊತ್ತಿರೋದು ಅಷ್ಟೇ. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ನಮ್ಮ ಕರಾವಳೀಲಿ ಯಾಂತ್ರಿಕ ಬೋಟ್ ಕಡಲಿಗೆ ಇಳಿಯೋ ಹಾಗಿಲ್ಲ, 10 ಎಚ್‌ಪಿ ಒಳಗಿನ ಮೋಟಾರ್ ಇರೋ ನಾಡದೋಣಿಗೆ ಮಾತ್ರ ವಿನಾಯಿತಿ. ಇದು ದಿನದ ಲೆಕ್ಕ. ಕೋಟಾ ಅಂದ್ರೆ ತೂಕದ ಲೆಕ್ಕ, ಈ ಸೀಸನ್‌ಗೆ ಬೂತಾಯಿ, ಅಂದ್ರೆ ಮತ್ತಿ ಮೀನು, ಇಷ್ಟು ಟನ್, ಮುಗೀತಾ, ಬಲೆ ಮಡಚಿ ಅಂತ. ನ್ಯೂಜಿಲೆಂಡ್‌ನಲ್ಲಿ 1986ರಿಂದ ಹೀಗೇ ನಡೀತಿದೆ. ನಮ್ಮಲ್ಲಿ ಯಾಕಾಗಬಾರ್ದು ಅಂತ ಒಂದು ಕಾಲದಲ್ಲಿ ನಾನೂ ಕೇಳ್ತಿದ್ದೆ.

ಆಮೇಲೆ ಈ ಕೋಟಾ ಬಗ್ಗೇನೇ ಮೀನುಗಾರರನ್ನ ಕರ್ದಿದ್ದ ಒಂದು ಸಭೆಗೆ ಹೋದೆ, ಎಲ್ಲಿ ಅಂತ ಬೇಡ ಬಿಡಿ, ಕುಂದಾಪುರದ ಕಡೆ. ಹನ್ನೊಂದು ಗಂಟೆಗೆ ಕರ್ದಿದ್ರು, ದೋಣಿ ದಡಕ್ಕೆ ಬಂದು ಮೀನು ಏಲಂ ಆಗೋ ಹೊತ್ತು ಅದು, ಹಾಗಾಗಿ ಬಂದಿದ್ದು ನಾಲ್ಕು ಮುಖಂಡರು, ಒಬ್ಬ ಹಿರಿಯ ಮೀನುಗಾರ, ಮತ್ತೆ ಪ್ರೊಜೆಕ್ಟರ್. ಸ್ಲೈಡೆಲ್ಲ ಮುಗಿದ್ಮೇಲೆ ಆ ಅಜ್ಜ ಕೇಳಿದ್ದು ಒಂದೇ, "ಕಡ್ಲಂಗೆ ತಕ್ಕಡಿ ಇಟ್ಕಂಡ್ ಬಲೆ ಬಿಡುಕಾತ್ತಾ ಮಾರಾಯ್ರೆ?"

ಎಲ್ರೂ ನಕ್ಕರು. ಆದ್ರೆ ವಿಷ್ಯ ಇರೋದೇ ಅಲ್ಲಿ. ಬಲೆ ಬಿಟ್ರೆ ಬೂತಾಯಿ ಜೊತೆ ಬಂಗುಡೆ, ಸಿಗಡಿ, ಕಾಣೆ ಎಲ್ಲ ಬರುತ್ತೆ, ಬೂತಾಯಿ ಕೋಟಾ ಮುಗಿದಿದ್ರೆ ಸತ್ತ ಬೂತಾಯೀನ ವಾಪಸ್ ಸಮುದ್ರಕ್ಕೇ ಚೆಲ್ಲಬೇಕು, ಕಾಗದದಲ್ಲಿ ಮೀನು ಉಳೀತು, ನೀರಲ್ಲಿ ಉಳೀಲಿಲ್ಲ. ಯುರೋಪಲ್ಲಿ ಇದೇ ತಲೆನೋವಾಗಿ ಕೊನೆಗೆ ಕೋಟಾ ಇರೋ ಮೀನು ಹಿಡಿದದ್ದನ್ನೆಲ್ಲ ದಡಕ್ಕೆ ತರಲೇಬೇಕು ಅಂತ ಕಾನೂನು ಮಾಡಿದ್ರು, 2019ರಿಂದ ಅದು ಪೂರ್ತಿ ಜಾರಿ.

ಇನ್ನು ಕೆನಡಾದ ನ್ಯೂಫೌಂಡ್‌ಲ್ಯಾಂಡ್. ಅಲ್ಲಿ ಕೋಟಾನೂ ಇತ್ತು, ವಿಜ್ಞಾನಿಗಳೂ ಇದ್ರು. 80ರ ದಶಕದಲ್ಲಿ ದಡದ ಹತ್ರ ಹಿಡಿಯೋ ಚಿಕ್ಕ ದೋಣಿಯವರು ಕಾಡ್ (cod) ಅನ್ನೋ ಮೀನು ಕಮ್ಮಿ ಆಗ್ತಿದೆ, ಸಣ್ಣದೂ ಆಗ್ತಿದೆ ಅಂತ ಬಡ್ಕೊಂಡ್ರು. ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ, ಯಾಕಂದ್ರೆ ದೊಡ್ಡ ಟ್ರಾಲರ್‌ಗಳ ಲೆಕ್ಕದಲ್ಲಿ ಮೀನು ಚೆನ್ನಾಗೇ ಸಿಗ್ತಿತ್ತು. ಸಿಗದೇ ಏನು, ಟ್ರಾಲರ್ ಉಳಿದಿರೋ ಮೀನು ಗುಂಪು ಕಟ್ಟಿರೋ ಜಾಗ ಹುಡ್ಕೊಂಡು ಹೋಗುತ್ತೆ, ಚಿಕ್ಕ ದೋಣಿಯವನು ಮೀನು ತನ್ನ ಊರಿನ ದಡಕ್ಕೆ ಬರ್ಲಿ ಅಂತ ಕಾಯ್ತಾನೆ, ಬರದಿದ್ರೆ ಮೊದಲು ಗೊತ್ತಾಗೋದು ಅವನಿಗೇ. 1992ರ ಜುಲೈನಲ್ಲಿ ಕಾಡ್ ಹಿಡಿಯೋದನ್ನೇ ಬಂದ್ ಮಾಡಿದ್ರು, ಸುಮಾರು 30,000 ಜನರ ಕೆಲ್ಸ ಹೋಯ್ತು.

ನಮ್ಮ ಬೂತಾಯಿ ಕಥೆ ಇನ್ನೂ ಗೋಜಲು. ಕೇರಳದಲ್ಲಿ 2012ರಲ್ಲಿ ಸುಮಾರು 3.99 ಲಕ್ಷ ಟನ್ ಸಿಕ್ಕಿದ್ದು 2021ಕ್ಕೆ 3,297 ಟನ್‌ಗೆ ಇಳೀತು, ಅದ್ರಲ್ಲಿ ಮರಿ ಮೀನು ಬಾಚಿದ್ದೂ ಇದೆ, ಎಲ್ ನಿನೋದಿಂದ ನೀರು ಬಿಸಿಯಾಗಿದ್ದೂ ಇದೆ. ಇಂಥ ಮೀನಿಗೆ ವರ್ಷದ ಮುಂಚೇನೇ ಇಷ್ಟು ಟನ್ ಅಂತ ಬರೆದಿಡೋದು ನನ್ನ ಪ್ರಕಾರ ಹುಂಬತನ. ಕೇರಳದಲ್ಲಿ ಬೂತಾಯಿ 10 ಸೆಂಟಿಮೀಟರ್‌ಗಿಂತ ಚಿಕ್ಕದಿದ್ರೆ ಹಿಡೀಬಾರ್ದು ಅಂತ ಅಳತೆ ಮಾಡಿದ್ರು ನೋಡಿ, ಅದು ದೋಣೀಲಿ ನಿಂತವನ ಕೈಗೂ ಸಿಗೋ ಲೆಕ್ಕ, ಒಂದು ಅಡಿಪಟ್ಟಿ ಸಾಕು.

ಹಾಗಂತ ನಾಡದೋಣಿಯವರೇನು ದೇವರಲ್ಲ. ಬೂತಾಯಿ ಮೊಟ್ಟೆ ಇಡೋದು ಮಳೆಗಾಲದಲ್ಲೇ, ಅವರಿಗೆ ವಿನಾಯಿತಿ ಇರೋದೂ ಆಗ್ಲೇ. ಅದನ್ನ ಅವರ ಮುಂದೇನೇ ಹೇಳ್ಬೇಕು, ಹೇಳಿದ್ರೆ ಸಿಟ್ಟಾಗ್ತಾರೆ, ಆಮೇಲೆ "ಪರ್ಸಿನ್ ಬೋಟು, ಲೈಟ್ ಫಿಶಿಂಗ್ ಮೊದ್ಲು ನಿಲ್ಸಿ" ಅಂತಾರೆ (ಮೀನಿನ ಗುಂಪನ್ನೇ ಸುತ್ತಿ ಬಾಚೋ ದೊಡ್ಡ ಬಲೆಯ ಬೋಟು, ರಾತ್ರಿ ದೀಪ ಹಾಕಿ ಮೀನು ಸೆಳೆದು ಹಿಡಿಯೋದು), ಆ ಜಗಳ ಮುಗಿದ ಮೇಲೇನೇ ನಿಜವಾದ ಮಾತು ಶುರುವಾಗೋದು. ಒಂದೇ ಸಭೇಲಿ ಸಹಿ ಹಾಕಿಸ್ಕೊಂಡು ಹೋಗೋರಿಗೆ ಅದು ಸಿಗಲ್ಲ.

ಈಗ ನಾನು ಎಷ್ಟು ಕೆಜಿ ಅಂತ ಕೇಳೋದೇ ಬಿಟ್ಟಿದ್ದೀನಿ. ಮೊಟ್ಟೆ ಇರೋ ಮೀನು ಯಾವ ವಾರ ಜಾಸ್ತಿ ಕಂಡ್ತು ಅಂತ ಕೇಳ್ತೀನಿ. ಹೋದ ಸಲ ಗಂಡಸರೆಲ್ಲ ಮುಖ ಮುಖ ನೋಡ್ಕೊಂಡ್ರು, ಹಿಂದೆ ಮೀನು ಕೊಯ್ತಾ ಕೂತಿದ್ದ ಅಕ್ಕ ಒಬ್ರು ಕತ್ತಿ ಕೆಳಗಿಡದೇ ಪಟ್ ಅಂತ ಹೇಳಿದ್ರು, ಮೊದಲ ತೂಫಾನ್ ಆಗಿ ಎರಡನೇ ವಾರ ಅಂತ. ದಿನಾ ನೂರಾರು ಮೀನಿನ ಹೊಟ್ಟೆ ಸೀಳೋರು ಅವ್ರು. ಸಭೆಗೆ ಅವ್ರನ್ನ ಯಾರೂ ಕರ್ದಿರ್ಲಿಲ್ಲ.

ಸರಿ, ಪ್ರಶ್ನೆ ಇದ್ರೆ ಕೇಳಿ. ಹತ್ತೇ ನಿಮಿಷ, ಆಮೇಲೆ ಹಾಲ್ ಬಿಟ್ಕೊಡ್ಬೇಕಂತೆ.