ಹ್ಯಾರಿ ಹಾಪ್ಕಿನ್ಸ್: ಹಸಿವಿನ ಲೆಕ್ಕ, ಯುದ್ಧದ ಲೆಕ್ಕ

ಎಲ್ಲರಿಗೂ ನಮಸ್ಕಾರ.

1933ರ ಮೇ ತಿಂಗಳು. ವಾಷಿಂಗ್ಟನ್ನಿನ ಒಂದು ಸರ್ಕಾರಿ ಕಟ್ಟಡ. ಹೊಸ ಅಧಿಕಾರಿಯೊಬ್ಬರು ಕೆಲಸಕ್ಕೆ ಹಾಜರಾಗುತ್ತಾರೆ. ಅವರ ಮೇಜು ಇನ್ನೂ ಕೋಣೆಯೊಳಗೆ ಹೋಗಿಲ್ಲ, ಕಾರಿಡಾರಿನಲ್ಲೇ ಇದೆ. ಪರವಾಗಿಲ್ಲ ಅಂತ ಅಲ್ಲೇ ಕೂತು ರಾಜ್ಯಗಳಿಗೆ ತಂತಿ ಕಳಿಸಲು ಶುರುಮಾಡುತ್ತಾರೆ. ಎರಡು ಗಂಟೆಯಲ್ಲಿ 50 ಲಕ್ಷ ಡಾಲರಿಗಿಂತ ಜಾಸ್ತಿ ಹಣ ಮಂಜೂರಾಯಿತು. ಆ ಅಧಿಕಾರಿಯೇ ಹ್ಯಾರಿ ಹಾಪ್ಕಿನ್ಸ್.

ಆಗ ಅಮೆರಿಕದಲ್ಲಿ ನಾಲ್ವರು ದುಡಿಯುವವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಕೆಲಸ ಇರಲಿಲ್ಲ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಪರಿಹಾರಕ್ಕೆಂದು 50 ಕೋಟಿ ಡಾಲರ್ ತೆಗೆದಿಟ್ಟಿದ್ದರು. ಸ್ವಲ್ಪ ತಡೆದು ಯೋಚಿಸಿದರೆ ಮುಂದೆ ಆರ್ಥಿಕತೆ ತಾನಾಗಿ ಸರಿಹೋಗುತ್ತದೆ ಅನ್ನುವವರಿಗೆ ಹಾಪ್ಕಿನ್ಸ್ ಕೊಟ್ಟ ಉತ್ತರ ಪ್ರಸಿದ್ಧ: ಜನ ‘ಮುಂದೆ’ ಊಟ ಮಾಡುವುದಿಲ್ಲ, ದಿನಾ ಊಟ ಮಾಡುತ್ತಾರೆ.

ಈತ ರಾಜಕಾರಣಿಯಲ್ಲ, ದೊಡ್ಡ ಮನೆತನದವರೂ ಅಲ್ಲ. 1890ರಲ್ಲಿ ಅಯೋವಾ ರಾಜ್ಯದ ಸೂ ಸಿಟಿಯಲ್ಲಿ ಹುಟ್ಟಿದವರು. ಅಪ್ಪ ಕುದುರೆಗಳಿಗೆ ಜೀನು, ಲಗಾಮು ಮಾಡುತ್ತಿದ್ದರು. ಗ್ರಿನೆಲ್ ಕಾಲೇಜಿನಲ್ಲಿ ಓದಿ, 1912ರಲ್ಲಿ ನ್ಯೂಯಾರ್ಕಿನ ಬಡ ವಲಸಿಗರ ಕೇರಿಗೆ ಸಮಾಜಸೇವೆಗೆ ಹೋದರು. ರೂಸ್ವೆಲ್ಟ್ ನ್ಯೂಯಾರ್ಕಿನ ಗವರ್ನರ್ ಆಗಿದ್ದಾಗ ಅಲ್ಲಿನ ಪರಿಹಾರ ಕಾರ್ಯ ನಡೆಸಿಕೊಟ್ಟರು. ಮುಂದಿನದು ವಾಷಿಂಗ್ಟನ್.

ಅವರ ಕೆಲಸದ ರೀತಿ ಗಮನಿಸಬೇಕು. ಲೊರೆನಾ ಹಿಕಾಕ್ ಎಂಬ ಪತ್ರಕರ್ತೆಯನ್ನು ದೇಶ ಸುತ್ತಲು ಕಳಿಸಿದರು. ನನಗೆ ಅಂಕಿಅಂಶ ಬೇಡ, ಜನರ ಹತ್ತಿರ ಮಾತಾಡಿ, ಕಂಡದ್ದನ್ನು ಬರೆಯಿರಿ ಅಂದರು. ದೆಹಲಿಯಲ್ಲೋ ಬೆಂಗಳೂರಲ್ಲೋ ಕೂತು ಬರ ನಿರ್ವಹಿಸುವ ಅಧಿಕಾರಿಗಳಿಗೆ ಇದನ್ನು ಯಾರಾದರೂ ಹೇಳಬಾರದೇ ಅನಿಸುತ್ತದೆ, ಅಲ್ವಾ?

ಸುಮ್ನೆ ದುಡ್ಡು ಹಂಚುವುದು ಹಾಪ್ಕಿನ್ಸ್‌ಗೆ ಇಷ್ಟವಿರಲಿಲ್ಲ. ದುಡ್ಡು ಕೊಟ್ಟರೆ ಜೀವ ಉಳಿಯುತ್ತದೆ, ಕೆಲಸ ಕೊಟ್ಟರೆ ಮರ್ಯಾದೆಯೂ ಉಳಿಯುತ್ತದೆ ಎಂಬುದು ಅವರ ನಂಬಿಕೆ. 1933ರ ನವೆಂಬರಿನಲ್ಲಿ ಚಳಿಗಾಲ ದಾಟಿಸಲು ಒಂದು ತಾತ್ಕಾಲಿಕ ಕಾರ್ಯಕ್ರಮ ಶುರುವಾಯಿತು. ಸುಮಾರು ಎರಡೇ ತಿಂಗಳಲ್ಲಿ 40 ಲಕ್ಷ ಜನ ಕೂಲಿ ಎಣಿಸುತ್ತಿದ್ದರು. ಕಂಪ್ಯೂಟರ್ ಇಲ್ಲ, ಆಧಾರ್ ಇಲ್ಲ, ಬ್ಯಾಂಕ್ ಖಾತೆಗೆ ನೇರ ಜಮೆ ಇಲ್ಲ. ಅಷ್ಟೊಂದು ಚೆಕ್ ಬರೆಯುವವರು ಯಾರು? ಮಾಜಿ ಸೈನಿಕರಿಗೆ ಪಿಂಚಣಿ ಕೊಡುವ ಇಲಾಖೆಗೆ ಆ ಅಭ್ಯಾಸ ಇತ್ತು. ಅವರ ಯಂತ್ರಗಳನ್ನೇ ಬಳಸಿಕೊಂಡರು. ಹೊಸ ಇಲಾಖೆ ಕಟ್ಟುತ್ತಾ ಕೂತಿದ್ದರೆ ಚಳಿಗಾಲ ಮುಗಿದಿರುತ್ತಿತ್ತು.

1935ರಲ್ಲಿ ದೊಡ್ಡದು ಬಂತು: ಡಬ್ಲ್ಯೂಪಿಎ, ಅಂದರೆ ಕೆಲಸವಿಲ್ಲದವರಿಗೆ ಸರ್ಕಾರವೇ ಕೂಲಿ ಕೆಲಸ ಕೊಡುವ ಸಂಸ್ಥೆ. ಅದರ ಮುಖ್ಯಸ್ಥರೂ ಹಾಪ್ಕಿನ್ಸೇ. ಆ ವರ್ಷದ ಪರಿಹಾರ ಕಾಯ್ದೆಯ ಒಟ್ಟು ಮೊತ್ತ 488 ಕೋಟಿ ಡಾಲರ್. ಎಂಟು ವರ್ಷಗಳಲ್ಲಿ ಸುಮಾರು 85 ಲಕ್ಷ ಜನ ಡಬ್ಲ್ಯೂಪಿಎ ಕೂಲಿ ಪಡೆದರು. ಹತ್ತು ಲಕ್ಷ ಕಿಲೋಮೀಟರಿಗೂ ಹೆಚ್ಚು ರಸ್ತೆ ಆಯಿತು, ಶಾಲೆ, ಆಸ್ಪತ್ರೆ, ಸೇತುವೆ, ಪಾರ್ಕು ಆಯಿತು. ನ್ಯೂಯಾರ್ಕಿನ ಲಾಗಾರ್ಡಿಯಾ ವಿಮಾನ ನಿಲ್ದಾಣ ಅದರಲ್ಲೇ ಆದದ್ದು. ಬರಹಗಾರರು, ನಟರು, ಚಿತ್ರಕಾರರಿಗೂ ಕೂಲಿ ಸಿಕ್ಕಿತು. ಅವರಿಗೂ ಹೊಟ್ಟೆ ಇದೆಯಲ್ಲ ಎಂಬುದು ಹಾಪ್ಕಿನ್ಸ್ ಸಮರ್ಥನೆ. ಆ ಬರಹಗಾರರು ಹಳ್ಳಿಗಳಿಗೆ ಹೋಗಿ, ಗುಲಾಮಗಿರಿಯನ್ನು ಸ್ವತಃ ಅನುಭವಿಸಿದ್ದ 2,300ಕ್ಕೂ ಹೆಚ್ಚು ಮುದುಕ ಮುದುಕಿಯರ ಮಾತು ಬರೆದುಕೊಂಡರು. ಇನ್ನು ಕೆಲವು ವರ್ಷ ತಡವಾಗಿದ್ದರೆ ಹೇಳುವವರೇ ಇರುತ್ತಿರಲಿಲ್ಲ. ನನ್ನ ಮಟ್ಟಿಗೆ ಈ ಒಂದು ಕೆಲಸ ಎಷ್ಟೋ ಸೇತುವೆಗಳಿಗಿಂತ ದೊಡ್ಡದು.

ಕುಂದುಗಳೂ ಇದ್ದವು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಕೂಲಿ ಕಡಿಮೆ, ಕೆಲಸವೂ ಕೀಳು. ಹೆಂಗಸರಲ್ಲಿ ಬಹಳ ಮಂದಿಯನ್ನು ಹೊಲಿಗೆ ಕೋಣೆಗೆ ಕಳಿಸಿದರು. 1938ರ ಚುನಾವಣೆಯಲ್ಲಿ ಕೂಲಿಯವರ ಮೇಲೆ ಮತಕ್ಕಾಗಿ ಒತ್ತಡ ಬಂತು ಎಂಬ ಗಲಾಟೆ ಎದ್ದು, ಮರುವರ್ಷ ಸರ್ಕಾರಿ ನೌಕರರ ರಾಜಕೀಯಕ್ಕೆ ಕಡಿವಾಣ ಹಾಕುವ ಹ್ಯಾಚ್ ಕಾಯ್ದೆ ಬಂತು. ನಮ್ಮ ನರೇಗಾದ ಬಗ್ಗೆ ಕೇಳುವ ದೂರುಗಳೆಲ್ಲ ಅಲ್ಲೂ ಇದ್ದವು. ಸಲಿಕೆಗೆ ಒರಗಿ ನಿಂತ ಕೂಲಿಯವನ ಕಾರ್ಟೂನ್ ಬರೆಯದ ಪತ್ರಿಕೆಯೇ ಇಲ್ಲವೇನೋ.

ಅಷ್ಟರಲ್ಲಿ ಮನುಷ್ಯ ಕುಸಿದಿದ್ದರು. 1937ರಲ್ಲಿ ಹೆಂಡತಿ ಕ್ಯಾನ್ಸರಿಗೆ ಬಲಿಯಾದರು. ಅದೇ ವರ್ಷದ ಕೊನೆಗೆ ಇವರಿಗೂ ಹೊಟ್ಟೆಯ ಕ್ಯಾನ್ಸರ್. ಮೇಯೋ ಕ್ಲಿನಿಕ್ಕಿನಲ್ಲಿ ಜಠರದ ಬಹುಭಾಗ ತೆಗೆದರು. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. 1939ರಲ್ಲಿ ವೈದ್ಯರು ಇನ್ನು ಕೆಲವೇ ವಾರ ಅಂದುಬಿಟ್ಟಿದ್ದರು. ಮುಂದಿನ ಆರು ವರ್ಷ ಅವರು ರಕ್ತ, ಇಂಜೆಕ್ಷನ್, ಹಟ ಇವುಗಳ ಮೇಲೆ ಬದುಕಿದರು.

1940ರ ಮೇ 10. ಹಿಟ್ಲರನ ಸೇನೆ ಹಾಲೆಂಡ್, ಬೆಲ್ಜಿಯಂಗಳಿಗೆ ನುಗ್ಗಿದ ದಿನ. ಆ ರಾತ್ರಿ ಹಾಪ್ಕಿನ್ಸ್ ಶ್ವೇತಭವನಕ್ಕೆ ಊಟಕ್ಕೆ ಹೋದರು. ಮೈ ಸರಿಯಿಲ್ಲ, ಇಲ್ಲೇ ಮಲಗಿ ಎಂದರು ರೂಸ್ವೆಲ್ಟ್. ಮಲಗಿದವರು ಅಲ್ಲಿಂದ ಹೊರಟದ್ದು ಮೂರೂವರೆ ವರ್ಷದ ಮೇಲೆ! ಮಧ್ಯೆ ಅಲ್ಲೇ ಮತ್ತೊಂದು ಮದುವೆಯೂ ಆಯಿತು. 1940ರ ಸೆಪ್ಟೆಂಬರಿನಲ್ಲಿ, ಅಲ್ಲಿಯವರೆಗೆ ಇದ್ದ ವಾಣಿಜ್ಯ ಮಂತ್ರಿಗಿರಿ ಬಿಟ್ಟ ಮೇಲೆ ಹೇಳಿಕೊಳ್ಳುವಂಥ ಹುದ್ದೆ ಇರಲಿಲ್ಲ. ಇದ್ದದ್ದು ಅಧ್ಯಕ್ಷರ ಕೋಣೆಗೆ ಯಾವಾಗ ಬೇಕಾದರೂ ಹೋಗುವ ಸಲುಗೆ.

ಇವರನ್ನೇಕೆ ಇಟ್ಟುಕೊಂಡಿದ್ದೀರಿ ಎಂದು ಅಧ್ಯಕ್ಷ ಚುನಾವಣೆಯಲ್ಲಿ ರೂಸ್ವೆಲ್ಟ್ ಎದುರು ಸೋತಿದ್ದ ವೆಂಡೆಲ್ ವಿಲ್ಕಿ ಅವರನ್ನೇ ಕೇಳಿದರು. ಈ ಬಾಗಿಲಲ್ಲಿ ಬರುವವರೆಲ್ಲ ಏನಾದರೂ ಬೇಡಲು ಬರುತ್ತಾರೆ, ಏನೂ ಬೇಡದೆ ಕೆಲಸ ಮಾಡುವವನು ಒಬ್ಬ ಬೇಕಾಗುತ್ತದೆ ಎಂಬ ಅರ್ಥದ ಉತ್ತರ ಬಂತು.

1941ರ ಜನವರಿಯಲ್ಲಿ ಹಾಪ್ಕಿನ್ಸ್ ಲಂಡನ್ನಿಗೆ ಹೋದರು. ಬಾಂಬು ಬೀಳುತ್ತಿದ್ದ ಊರು. ಚರ್ಚಿಲ್ ನಿಜಕ್ಕೂ ಹೋರಾಡುತ್ತಾರಾ, ಬ್ರಿಟನ್ನಿಗೆ ಏನು ಬೇಕು, ಎಷ್ಟು ಬೇಕು, ಎಷ್ಟು ಬೇಗ ಬೇಕು, ಇಷ್ಟು ತಿಳಿಯಬೇಕಿತ್ತು. ಪರಿಹಾರ ಇಲಾಖೆಯಲ್ಲಿ ಕೇಳುತ್ತಿದ್ದ ಪ್ರಶ್ನೆಗಳೇ ಇವು. ನನಗೆ ಈ ಮನುಷ್ಯನಲ್ಲಿ ಕಾಣುವುದು ಇದೊಂದೇ ವಿದ್ಯೆ. ರಾಯಭಾರಿಯ ತರಬೇತಿ ಇಲ್ಲ, ಸೈನ್ಯದ ಅನುಭವ ಇಲ್ಲ. ಕೊರತೆ ಎಲ್ಲಿದೆ ಎಂದು ಪತ್ತೆ ಮಾಡಿ, ಅದು ತುಂಬುವವರೆಗೂ ಜನರ ಬೆನ್ನು ಬೀಳುವುದು ಗೊತ್ತಿತ್ತು. ಮಾತು ಎಲ್ಲೋ ಹೋದರೆ ಎಳೆದು ವಿಷಯದ ಬೇರಿಗೆ ತರುತ್ತಿದ್ದರು. ಅದಕ್ಕೇ ಚರ್ಚಿಲ್ ಅವರನ್ನು ‘ವಿಷಯದ ಬೇರಿನ ಪ್ರಭು’ ಎಂದು ತಮಾಷೆ ಮಾಡಿದ್ದು.

ಗ್ಲಾಸ್ಗೋದ ಒಂದು ಔತಣದಲ್ಲಿ ಹಾಪ್ಕಿನ್ಸ್ ಎದ್ದು ಬೈಬಲಿನ ರೂತಳ ಮಾತು ಹೇಳಿದರು: ನೀನು ಹೋಗುವಲ್ಲಿಗೆ ನಾನೂ ಬರುವೆ, ನಿನ್ನ ಜನ ನನ್ನ ಜನ. ಕೊನೆಗೆ ಮೆಲ್ಲಗೆ ‘ಕೊನೆಯವರೆಗೂ’ ಎಂದು ಸೇರಿಸಿದರು. ಚರ್ಚಿಲ್ ಕಣ್ಣಲ್ಲಿ ನೀರು ಬಂತು. ಅಮೆರಿಕ ಇನ್ನೂ ಯುದ್ಧದಲ್ಲೇ ಇರಲಿಲ್ಲ, ನೆನಪಿರಲಿ. ಮಾರ್ಚ್ 11ಕ್ಕೆ, ಬ್ರಿಟನ್ನಿನಂಥ ದೇಶಗಳಿಗೆ ಕೂಡಲೇ ಹಣ ಕೇಳದೆ ಯುದ್ಧಸಾಮಗ್ರಿ ಕೊಡುವ ಲೆಂಡ್-ಲೀಸ್ ಕಾಯ್ದೆ ಬಂತು. ಮೊದಲ ಕಂತು 700 ಕೋಟಿ ಡಾಲರ್, ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 5,000 ಕೋಟಿ. ಅದನ್ನು ನಡೆಸುವ ಹೊಣೆ ಶುರುವಿನಲ್ಲಿ ಹಾಪ್ಕಿನ್ಸ್ ಮೇಲೇ ಬಿತ್ತು. ಅವರ ಮಲಗುವ ಕೋಣೆಯೇ ಆಫೀಸು.

ಜೂನ್‌ನಲ್ಲಿ ಹಿಟ್ಲರ್ ರಷ್ಯಾದ ಮೇಲೆ ಬಿದ್ದ. ರಷ್ಯಾ ಕೆಲವು ವಾರ ತಾಳಿದರೆ ಹೆಚ್ಚು ಎಂದು ವಾಷಿಂಗ್ಟನ್ನಿನ ಸೇನಾ ತಜ್ಞರು ಲೆಕ್ಕ ಹಾಕಿದ್ದರು. ಆಗ ಹಾಪ್ಕಿನ್ಸ್ ಸ್ಕಾಟ್ಲೆಂಡಿನಿಂದ ಕ್ಯಾಟಲಿನಾ ಎಂಬ ನೀರಿನ ಮೇಲಿಳಿಯುವ ವಿಮಾನದಲ್ಲಿ, ಉತ್ತರ ಧ್ರುವದ ಕಡೆಯಿಂದ ಸುತ್ತಿಕೊಂಡು ಆರ್ಖಾಂಗೆಲ್ಸ್ಕಿಗೂ ಅಲ್ಲಿಂದ ಮಾಸ್ಕೋಗೂ ಹೋದರು. ಸ್ಟಾಲಿನ್ ಮಾತಿಗೆ ಸಿಕ್ಕಿದ್ದು ಎರಡು ದಿನ. ಸ್ಟಾಲಿನ್ ವಿಮಾನ ಹೊಡೆಯುವ ತೋಪು ಕೇಳಿದರು, ಬಂದೂಕು ಕೇಳಿದರು, ಜೊತೆಗೆ ಅಲ್ಯೂಮಿನಿಯಂ ಕೇಳಿದರು. ಹಾಪ್ಕಿನ್ಸ್ ಕಿವಿ ನೆಟ್ಟಗಾದದ್ದು ಅಲ್ಲಿ. ಅಲ್ಯೂಮಿನಿಯಂ ಬೇಕಾಗುವುದು ಮುಂದೆ ವಿಮಾನ ಕಟ್ಟಲು. ನಾಳೆ ಸೋಲುತ್ತೇನೆ ಎಂದುಕೊಂಡವನು ಅದನ್ನು ಕೇಳುತ್ತಾನಾ? ಅಂಗಡಿ ಮುಚ್ಚುವವನು ಮುಂದಿನ ವರ್ಷದ ದಾಸ್ತಾನಿಗೆ ಆರ್ಡರ್ ಕೊಡುವುದಿಲ್ಲ. ರಷ್ಯಾ ನಿಲ್ಲುತ್ತದೆ ಎಂದು ಅವರು ವರದಿ ಮಾಡಿದರು. ಅದು ಸರಿಯಾಯಿತು.

ವಾಪಸು ಬರುವಾಗ ಔಷಧದ ಚೀಲ ಮಾಸ್ಕೋದಲ್ಲೇ ಉಳಿಯಿತು. ಸುಮಾರು 24 ಗಂಟೆಯ ಹಾರಾಟ. ಹೆಚ್ಚುಕಡಿಮೆ ಹೆಣದಂತೆ ಇಳಿದು, ಚರ್ಚಿಲ್ ಜೊತೆ ಹಡಗು ಹತ್ತಿ ರೂಸ್ವೆಲ್ಟರನ್ನು ಕಾಣಲು ನ್ಯೂಫೌಂಡ್ಲೆಂಡಿಗೆ ಹೊರಟರು. ಅಂದಹಾಗೆ, ಯುದ್ಧಕಾಲದಲ್ಲಿ ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ವಾಯುಪಡೆಯ ರಿಪೇರಿ ಕೇಂದ್ರವಾಗಿತ್ತು. ಅಲ್ಲಿಗೂ ಇಂಥ ಕ್ಯಾಟಲಿನಾಗಳು ಬರುತ್ತಿದ್ದವು, ಬೆಳ್ಳಂದೂರು ಕೆರೆಯ ಮೇಲೆ ಇಳಿದು. ಈಗಿನ ನೊರೆ ನೋಡಿದವರಿಗೆ ನಂಬುವುದು ಕಷ್ಟ.

ನ್ಯೂಫೌಂಡ್ಲೆಂಡಿನ ಭೇಟಿಯಿಂದ ಹೊರಬಂದದ್ದು ಅಟ್ಲಾಂಟಿಕ್ ಸನ್ನದು. ತಮ್ಮ ಸರ್ಕಾರ ಯಾವುದಿರಬೇಕೆಂದು ಆರಿಸುವ ಹಕ್ಕು ಎಲ್ಲ ಜನರಿಗೂ ಇದೆ ಎಂದಿತು ಅದು. ತಿಂಗಳೊಳಗೆ ಚರ್ಚಿಲ್ ಸಂಸತ್ತಿನಲ್ಲಿ, ಅದು ಮುಖ್ಯವಾಗಿ ನಾಜಿಗಳ ಕೈಗೆ ಸಿಕ್ಕ ಯುರೋಪಿನ ದೇಶಗಳ ಮಾತು, ಭಾರತಕ್ಕಲ್ಲ ಎಂದರು.

ಇಲ್ಲಿ ಹಾಪ್ಕಿನ್ಸ್ ಕಥೆ ನಮಗೆ ಕಹಿಯಾಗುತ್ತದೆ. 1942ರ ಏಪ್ರಿಲ್. ದೆಹಲಿಯಲ್ಲಿ ಬ್ರಿಟಿಷ್ ಮಂತ್ರಿ ಕ್ರಿಪ್ಸ್, ಭಾರತದ ಆಡಳಿತದಲ್ಲಿ ಭಾರತೀಯರ ಪಾಲಿನ ಬಗ್ಗೆ ಕಾಂಗ್ರೆಸ್ ಜೊತೆ ಮಾತುಕತೆ ನಡೆಸುತ್ತಿದ್ದಾರೆ. ರೂಸ್ವೆಲ್ಟ್ ಕಳಿಸಿದ್ದ ಕರ್ನಲ್ ಲೂಯಿ ಜಾನ್ಸನ್ ಕೂಡ ನಡುವೆ ಕೈಹಾಕಿ, ರಕ್ಷಣಾ ಖಾತೆಯ ಒಂದಿಷ್ಟು ಹೊಣೆ ಭಾರತೀಯ ಮಂತ್ರಿಗೆ ಸಿಗುವಂಥ ಸೂತ್ರ ಹುಡುಕಿದ್ದಾರೆ. ಅದೇ ಹೊತ್ತಿಗೆ ಅಮೆರಿಕದ ಸೇನಾ ಮುಖ್ಯಸ್ಥ ಜನರಲ್ ಮಾರ್ಷಲ್ ಜೊತೆ ಹಾಪ್ಕಿನ್ಸ್ ಲಂಡನ್ನಿನಲ್ಲಿದ್ದರು. ಜಾನ್ಸನ್ ಬಂದಿರುವುದು ಸೇನಾ ಸಾಮಗ್ರಿಯ ಕೆಲಸಕ್ಕೆ, ರಾಜಕೀಯ ಸಂಧಾನಕ್ಕೆ ಅಧ್ಯಕ್ಷರ ಪ್ರತಿನಿಧಿಯಾಗಿ ಅಲ್ಲ ಎಂದು ಅವರು ಚರ್ಚಿಲ್‌ಗೆ ಹೇಳಿದರು. ಚರ್ಚಿಲ್ ಅದನ್ನು ಕೂಡಲೇ ದೆಹಲಿಗೆ ತಂತಿಯಲ್ಲಿ ಮುಟ್ಟಿಸಿದರು. ಸೂತ್ರದ ಬೆನ್ನೆಲುಬು ಮುರಿಯಿತು. ಮಾತುಕತೆ ಮುರಿಯಲು ಅದೊಂದೇ ಕಾರಣ ಅಲ್ಲ, ಲಂಡನ್ನಿನ ಸಂಪುಟವೂ ವೈಸ್‌ರಾಯ್ ಲಿನ್‌ಲಿತ್ಗೋ ಅವರೂ ಮೊದಲೇ ಒಲ್ಲದವರು.

ಏಪ್ರಿಲ್ 12ರ ಬೆಳಗಿನ ಜಾವ ಮೂರಕ್ಕೆ ರೂಸ್ವೆಲ್ಟರ ತಂತಿ ಬಂತು: ಕ್ರಿಪ್ಸ್ ಇನ್ನೂ ಹೊರಡದಿರಲಿ, ಮತ್ತೊಮ್ಮೆ ಪ್ರಯತ್ನಿಸಲಿ. ಚರ್ಚಿಲ್ ಬೈದಾಡಿದರು. ಬೇಕಾದರೆ ರಾಜೀನಾಮೆ ಕೊಡುತ್ತೇನೆ ಎಂದರು. ಎದುರಿಗೆ ಕೂತಿದ್ದವರು ಹಾಪ್ಕಿನ್ಸ್. ಕ್ರಿಪ್ಸ್ ಆಗಲೇ ಹೊರಟಾಗಿತ್ತು, ವಿಷಯ ಅಲ್ಲಿಗೇ ನಿಂತಿತು. ಯುರೋಪಿಗೆ ಸೇನೆ ಇಳಿಸುವ ಯೋಜನೆಗೆ ಚರ್ಚಿಲ್ ಒಪ್ಪಿಗೆ ಪಡೆಯುವುದು ಹಾಪ್ಕಿನ್ಸ್ ಬಂದ ಕೆಲಸ. ಭಾರತಕ್ಕಾಗಿ ಅದನ್ನು ಕೆಡಿಸಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ ಎಂದು ನಾನು ಓದುತ್ತೇನೆ. ಕೊರತೆ ಪತ್ತೆ ಮಾಡುವ ಕಣ್ಣು ಯಾರ ಪರವಾಗಿ ನೋಡುತ್ತಿದೆ ಎಂಬುದೂ ಮುಖ್ಯ. ಆ ಪಟ್ಟಿಯಲ್ಲಿ ನಾವು ಇರಲಿಲ್ಲ.

1944ರ ಫೆಬ್ರವರಿಯಲ್ಲಿ ಅವರ 18ರ ಮಗ ಸ್ಟೀಫನ್ ಪೆಸಿಫಿಕ್ ಯುದ್ಧದಲ್ಲಿ ಸತ್ತ. ತಂದೆ ಆ ವರ್ಷದ ಹೆಚ್ಚುಭಾಗ ಆಸ್ಪತ್ರೆ, ವಿಶ್ರಾಂತಿ ಅಂತ ಕಳೆದರು. ಆದರೂ 1945ರಲ್ಲಿ ರೂಸ್ವೆಲ್ಟ್, ಚರ್ಚಿಲ್, ಸ್ಟಾಲಿನ್ ಸೇರಿದ ಯಾಲ್ಟಾ ಸಭೆಗೆ ಹೋದರು, ಬಹುಪಾಲು ಹಾಸಿಗೆಯಲ್ಲೇ ಇದ್ದು.

ರೂಸ್ವೆಲ್ಟ್ ತೀರಿಕೊಂಡ ಮೇಲೆ ಹೊಸ ಅಧ್ಯಕ್ಷ ಟ್ರೂಮನ್ ಇವರನ್ನೇ ಮೇ ಕೊನೆಯಲ್ಲಿ ಮಾಸ್ಕೋಗೆ ಅಟ್ಟಿದರು. ಪೋಲೆಂಡಿನಲ್ಲಿ ಯಾರ ಸರ್ಕಾರ ಇರಬೇಕು ಎಂಬ ವಿಚಾರದಲ್ಲಿ ಸಿಕ್ಕಿದ್ದು ಅಲ್ಪ. ಅದನ್ನು ಗೆಲುವು ಎನ್ನಲಾರೆ. ಆದರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸಭೆ ಒಂದು ಗಂಟಿನಲ್ಲಿ ಸಿಕ್ಕಿಕೊಂಡಿತ್ತು. ಭದ್ರತಾ ಮಂಡಳಿಯಲ್ಲಿ ಒಂದು ವಿಷಯದ ಚರ್ಚೆಯನ್ನೇ ವೀಟೋದಿಂದ ತಡೆಯಬಹುದೇ? ತಡೆಯಬಹುದು ಎಂದು ಸೋವಿಯತ್ ನಿಯೋಗ ಹಟ ಹಿಡಿದಿತ್ತು. ಹಾಪ್ಕಿನ್ಸ್ ನೇರವಾಗಿ ಸ್ಟಾಲಿನ್ ಮುಂದಿಟ್ಟರು. ಸ್ಟಾಲಿನ್ ಅಲ್ಲೇ ಬಿಟ್ಟುಕೊಟ್ಟರು. ಜೂನ್ 26ಕ್ಕೆ ಸನ್ನದಿಗೆ ಸಹಿ ಬಿತ್ತು. ಭಾರತದ ನಿಯೋಗದ ಮುಖ್ಯಸ್ಥರಾಗಿ ಸಹಿ ಮಾಡಿದವರು ಸರ್ ಎ. ರಾಮಸ್ವಾಮಿ ಮುದಲಿಯಾರ್, ಮರುವರ್ಷ ನಮ್ಮ ಮೈಸೂರಿಗೆ ದಿವಾನರಾಗಿ ಬಂದವರು.

ಹಾಪ್ಕಿನ್ಸ್ ಜುಲೈಯಲ್ಲಿ ಕೆಲಸ ಬಿಟ್ಟರು. 1946ರ ಜನವರಿ 29ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು. 55 ವರ್ಷ. ಆಮೇಲೆ ಕೆಲವರು ಅವರನ್ನು ಸೋವಿಯತ್ ಏಜೆಂಟ್ ಎಂದೂ ಕರೆದರು. ಇತಿಹಾಸಕಾರರಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ, ನನಗೂ ಆ ಸಾಕ್ಷ್ಯ ತೆಳು ಅನಿಸುತ್ತದೆ. ಅದರ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ ಎಂದು ಗೊತ್ತು, ಕೇಳಿ.