ಮಂಗನ ಕಾಯಿಲೆ: ಮೊದಲು ಕೇಳಿ, ಆಮೇಲೆ ಹೇಳಿ

ಕೇಳುಗರಿಗೆ ನಮಸ್ಕಾರ. ಸಾಗರ, ಸೊರಬ, ತೀರ್ಥಹಳ್ಳಿ ಕಡೆ ಬಚ್ಚಲ ಒಲೆಗೆ ಬೆಂಕಿ ಮಾಡುತ್ತಾ, ಅಡಿಕೆ ಸುಲಿಯುತ್ತಾ ರೇಡಿಯೋ ಹಾಕಿಕೊಂಡಿರುವವರಿಗೆ ಈ ಮಾತು. ನನ್ನ ಜೊತೆ ಕೆಲಸ ಮಾಡುವ ಡಾಕ್ಟರು, ಸಂಶೋಧಕರು ಯಾರಾದರೂ ಕೇಳುತ್ತಿದ್ದರೆ ಅವರಿಗೆ ಇನ್ನೂ ಜಾಸ್ತಿ. ಇವತ್ತು ನಾನು ಹೇಳುವುದು ಒಂದೇ. ಊರಿನವರನ್ನು ಮೊದಲು ಕೇಳಿ, ಆಮೇಲೆ ಹೇಳಿ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲ ಹಳ್ಳಿಯವರು ಜ್ವರದಲ್ಲಿ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಹಳದಿ ಜ್ವರ ಇರಬಹುದೇ ಎಂದು ಮೊದಲು ಅನುಮಾನಪಟ್ಟರು, ಕೊನೆಗೆ ಹೊಸ ವೈರಸ್ ಸಿಕ್ಕಿತು. ಪುಸ್ತಕದಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆ. ಊರಿನವರ ಬಾಯಲ್ಲಿ ಮಂಗನ ಕಾಯಿಲೆ. ಮಂಗ ಸತ್ತರೆ ಹುಷಾರು ಅನ್ನುವುದು ಊರಿನವರು ಇಟ್ಟ ಹೆಸರಿನಲ್ಲೇ ಇದೆ, ಅಲ್ವಾ?

ಇದನ್ನು ಹರಡುವುದು ಉಣುಗು, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ. ಮಳೆ ಹೋಗಿ ಕಾಡು ಒಣಗಿದ ಮೇಲೆ ರಾಗಿ ಕಾಳಿನಷ್ಟಿರುವ ಮರಿ ಉಣುಗು ಒಣ ಎಲೆಯಲ್ಲಿ ಕೂತಿರುತ್ತದೆ. ಅದೇ ಹೊತ್ತಿಗೆ ನಮ್ಮ ಹೆಂಗಸರು ಹೆಡಿಗೆ ಬುಟ್ಟಿ ಹೊತ್ತು ದರಕು, ಅಂದರೆ ಅದೇ ಒಣ ಎಲೆ, ಗುಡಿಸಲು ಹೋಗುತ್ತಾರೆ.

ಈಗ ಒಂದು ಸಂಗತಿ. ಕೆಲವು ವರ್ಷಗಳ ಹಿಂದೆ ನಾವು ಒಂದು ಊರಿಗೆ ಪೋಸ್ಟರ್ ಹಿಡಿದು ಹೋದೆವು. ದೊಡ್ಡ ಅಕ್ಷರ, ಕೆಂಪು ಬಣ್ಣ: ‘ಕಾಡಿಗೆ ಹೋಗಬೇಡಿ’. ಬರೆದವನು ನಾನೇ. ಶಾಲೆ ಜಗಲಿಯಲ್ಲಿ ಸಭೆ. ಅರ್ಧ ಗಂಟೆ ಮಾತಾಡಿದೆ. ಎಲ್ಲರೂ ತಲೆಯಾಡಿಸಿದರು. ಕಂಬಕ್ಕೆ ಒರಗಿ ಕೂತ ಒಬ್ಬ ಅಜ್ಜಿ ಮಾತ್ರ ಎಲೆ ಅಡಿಕೆ ಒಂದು ದವಡೆಗೆ ತಳ್ಳಿ ಕೇಳಿದರು: “ಅಲ್ಲ ಡಾಕ್ಟ್ರೇ, ನಮ್ಮ ಕೊಟ್ಟಿಗೆಗೆ ದರಕು ನೀವು ತಂದು ಹಾಕ್ತೀರಾ?”

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ದರಕಿಲ್ಲದೆ ಕೊಟ್ಟಿಗೆಯಿಲ್ಲ, ಕೊಟ್ಟಿಗೆಯಿಲ್ಲದೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ತೋಟವಿಲ್ಲ. ಇದನ್ನು ಪೋಸ್ಟರ್ ಬರೆಯುವಾಗ ಯೋಚಿಸಿರಲೇ ಇಲ್ಲ.

ಮಾರನೇ ದಿನ ಪೋಸ್ಟರ್ ಬಿಟ್ಟು ಅಜ್ಜಿಯ ಮನೆಗೆ ಹೋದೆ. ಅಂಗಳದಲ್ಲಿ, ಬಾಗಿಲಿಂದ ನಾಲ್ಕು ಹೆಜ್ಜೆಗೆ ದರಕಿನ ರಾಶಿ. ಅದರ ಮೇಲೆ ಮೊಮ್ಮಕ್ಕಳು ಕುಣಿಯುತ್ತಿದ್ದರು. ಒಳಗೆ ಗೂಡಿನಲ್ಲಿ ಉಣುಗು ಹತ್ತದಂತೆ ಮೈಗೆ ಹಚ್ಚಲು ನಾವೇ ಕೊಟ್ಟ ಡೆಪಾ ಎಣ್ಣೆ ಬಾಟಲಿ, ಮುಚ್ಚಳವೂ ತೆಗೆದಿರಲಿಲ್ಲ. ಯಾಕೆ ಹಚ್ಚಲಿಲ್ಲ ಅಂದರೆ, “ಏಳಕ್ಕೆ ನಾವು ಗುಡ್ಡದಲ್ಲಿರ್ತೀವಿ. ನಿಮ್ಮ ಜೀಪು ಬರೋದು ಹನ್ನೊಂದಕ್ಕೆ. ಬಾಟಲಿ ಇಸ್ಕೊಂಡೋನು ನನ್ನ ಮಗ. ಎಲ್ಲಿಗೆ ಹಚ್ಚೋದು, ಯಾವಾಗ ಹಚ್ಚೋದು ನನಗ್ಯಾರು ಹೇಳಿದ್ರು?” ಅಂದರು.

ನಮ್ಮ ವರದಿಯಲ್ಲಿ ಆ ಮನೆಗೆ ‘ಎಣ್ಣೆ ವಿತರಿಸಲಾಗಿದೆ’ ಎಂದು ಬರೆದಿತ್ತು!

ಆಮೇಲೆ ಅಜ್ಜಿ, ಓಣಿಯ ನಾಲ್ಕು ಹೆಂಗಸರು, ಆಶಾ ಕಾರ್ಯಕರ್ತೆ, ನಾವಿಬ್ಬರು ಕೂತು ಯೋಚಿಸಿದೆವು. ರಾಶಿ ಕೊಟ್ಟಿಗೆ ಹಿಂದಕ್ಕೆ ಹೋಯಿತು. ಮಕ್ಕಳಿಗೆ ಅಲ್ಲಿ ಆಟವಿಲ್ಲ. ಎಣ್ಣೆ ಬಾಟಲಿ ಹೆಡಿಗೆಯ ಪಕ್ಕದಲ್ಲೇ ಇಡುವುದು, ಅದು ಅಜ್ಜಿಯ ಉಪಾಯ. ಹೊರಡುವ ಮೊದಲು ಕೈಕಾಲಿಗೆ ಹಚ್ಚುವುದು. ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು ಹಚ್ಚಿ ಸ್ನಾನ. ಹಂಡೆಯಲ್ಲಿ ನೀರು ಕಾದೇ ಇರುತ್ತದಲ್ಲ. ಆಶಾ ಕಾರ್ಯಕರ್ತೆ ಸಂಜೆ ಹೊತ್ತು, ದೀಪ ಹಚ್ಚಿದ ಮೇಲೆ ಬರುವುದು. ಇಷ್ಟನ್ನು ನಾನು ಪಟ್ಟಣದಲ್ಲಿ ಕೂತು ಬರೆಯಲು ಸಾಧ್ಯವಿತ್ತಾ? ಮೊದಲು ಕೇಳಬೇಕು.

ಅಜ್ಜಿಯ ಕಥೆಯಲ್ಲೇ ಹೊತ್ತು ಹೋಯಿತು, ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. ಮಂಗ ಸತ್ತಿದ್ದು ಕಂಡರೆ ಮುಟ್ಟಬೇಡಿ, ಹತ್ತಿರ ಹೋಗಬೇಡಿ. ಸತ್ತ ಮೈಯಿಂದ ಇಳಿದ ಉಣುಗು ಅಲ್ಲೇ ಸುತ್ತಮುತ್ತ ಇರುತ್ತದೆ. ಪಂಚಾಯಿತಿಗೋ ಆಸ್ಪತ್ರೆಗೋ ಅವತ್ತೇ ತಿಳಿಸಿ. ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಯಲ್ಲೇ ಮಾತ್ರೆ ನುಂಗಿ ಮಲಗಬೇಡಿ. ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದೆ ಎಂದು ನೀವಾಗಿಯೇ ಹೇಳಿ. ಡಾಕ್ಟರು ಕೇಳದಿದ್ದರೂ ಹೇಳಿ.

ಇನ್ನು ನನ್ನ ಡಾಕ್ಟರ್ ಮಿತ್ರರೇ, ಈ ವರ್ಷದ ಪೋಸ್ಟರ್ ಪ್ರೆಸ್ಸಿಗೆ ಹೋಗುವ ಮೊದಲು ಒಂದು ಸಂಜೆ ಯಾರದಾದರೂ ಜಗಲಿಯಲ್ಲಿ ಕೂತು ಬನ್ನಿ. ಎಲೆ ಅಡಿಕೆ ಕವಳ ಕೊಟ್ಟರೆ ಬೇಡ ಅನ್ನಬೇಡಿ. ನಮಸ್ಕಾರ.